ಅರಿವಳಿಕೆ ಎಂಬ ಶಬ್ದವೂ ಶಿಶುಗಳಿಗೆ ಕೊಡುವ ಆವಿಯೂ

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಎಚ್ಚರವನ್ನು ಕಳೆಯುವ ಕ್ರಿಯೆಗೆ ಕನ್ನಡದಲ್ಲಿ ಈಗ ಅರಿವಳಿಕೆಯೆಂಬ ಶಬ್ದವು ರೂಢಿಗೆ ಬಂದಿರುವುದು ಸರ್ವವಿದಿತವಾಗಿದೆ. ವೃತ್ತಪತ್ರಿಕೆಗಳಲ್ಲಿಯೂ ಪಾಠಪುಸ್ತಕಗಳಲ್ಲಿಯೂ ಆಸ್ಪತ್ರೆಗಳ ಒಪ್ಪಿಗೆಪತ್ರಗಳಲ್ಲಿಯೂ ಇದೇ ಕಾಣುವುದು. ಅಳಿ ಎಂಬ ಧಾತುವಿಗೆ ಕೆ ಪ್ರತ್ಯಯವು ಸೇರಿ ಅಳಿಕೆಯಾಗಿ, ಅದು ಅರಿವು ಎಂಬ ನಾಮಪದಕ್ಕೆ ಪರವಾದಾಗ ಲೋಪಸಂಧಿಯುಂಟಾಗಿ ಅರಿವಳಿಕೆಯೆಂದಾಯಿತೆಂದು ನಾವು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುತ್ತೇವೆ. ವ್ಯುತ್ಪತ್ತಿಯಲ್ಲಿ ದೋಷವೇನೂ ಇಲ್ಲ. ಆದರೆ ಈ ವ್ಯುತ್ಪತ್ತಿಯನ್ನು ಬಲ್ಲ ತಾಯಿಯೊಬ್ಬಳು ಅದರಿಂದ ಏನನ್ನು ಗ್ರಹಿಸುವಳೆಂಬುದು ನನ್ನ ಅನುಭವಕ್ಕೆ ಬಂದಮೇಲೆ, ಶಬ್ದವನ್ನೂ ಅದು ಸೂಚಿಸುವ ವಸ್ತುವನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಿಸಬೇಕೆಂದು ತೋರಿತು. ನಾನು ವೈದ್ಯನಲ್ಲ. ವೈದ್ಯವಿಷಯವಾಗಿ ಇಲ್ಲಿ ಹೇಳಿರುವುದೆಲ್ಲವೂ ಆ ಶಾಸ್ತ್ರದವರು ಬರೆದು ಪ್ರಕಟಿಸಿರುವುದರಿಂದ ತಿಳಿದುಕೊಂಡದ್ದು.

ನನ್ನ ಮಗಳ ಗಂಡುಕೂಸಿಗೆ ನಾಲ್ಕು ತಿಂಗಳು ತುಂಬಿದಾಗ ತೊಡೆಸಂದಿನಲ್ಲಿ ಹರ್ನಿಯವು ಕಾಣಿಸಿಕೊಂಡಿತು. ಸುಶ್ರುತನು ಅಂತ್ರವೃದ್ಧಿಯೆಂದು ಕರೆದಿರುವುದು ಇದನ್ನೇ. ನಾವಿರುವುದು ವಿಜಯನಗರದಲ್ಲಿ; ಅಲ್ಲಿಗೆ ಸಮೀಪದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯೆಂದು ಗೊತ್ತಾಯಿತು. ಹಿಂದಿನ ದಿನ ಸಂಜೆ ಅಲ್ಲಿಯ ಒಪ್ಪಿಗೆಪತ್ರವನ್ನು ನಾನು ಮಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಮಗುವಿಗೆ ಪೂರ್ಣ ಅರಿವಳಿಕೆಯನ್ನು ನೀಡಲು ಸಮ್ಮತಿಸುತ್ತೇನೆ ಎಂಬ ಸಾಲಿಗೆ ಬಂದಾಗ ಅವಳು ತಡೆದು, “ಅಪ್ಪ, ಅಳಿಯುವುದು ಅಂದರೆ ಇಲ್ಲವಾಗುವುದೇ ಅಲ್ಲವೇ? ಅಳಿದುಹೋದದ್ದು ಮತ್ತೆ ಬರುತ್ತದೆಯೇ?” ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಒಡನೆ ಉತ್ತರ ತೋಚಲಿಲ್ಲ.

ಅವಳ ಪ್ರಶ್ನೆಯು ತರ್ಕಶಾಸ್ತ್ರದ ಪ್ರಶ್ನೆಯೇ ಆಗಿದೆ. ನೈಯಾಯಿಕರು ಅಭಾವವನ್ನು ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವಗಳೆಂದು ನಾಲ್ಕು ಬಗೆಯಾಗಿ ಹೇಳುವರಷ್ಟೆ. ಇವುಗಳಲ್ಲಿ ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತವಿಲ್ಲ. ಒಡೆದ ಗಡಿಗೆಯು ಒಡೆದೇ ಇರುವುದು. ಅದೇ ಗಡಿಗೆ ಮರಳಿ ಹುಟ್ಟದು. ಅಳಿಕೆಯನ್ನು ಧ್ವಂಸವೆಂದು ಗ್ರಹಿಸಿದರೆ ಮಗುವಿನ ಅರಿವು ಅಂತವಿಲ್ಲದ ಅಭಾವವನ್ನು ಹೊಂದುವುದೆಂದಾಯಿತು. ತಾಯಿಯು ಬೆದರಿದ್ದು ಇದಕ್ಕೇ. ಆದರೆ ಕೆಲವು ನೈಯಾಯಿಕರು ಸಾಮಯಿಕಾಭಾವವೆಂದು ಇನ್ನೊಂದನ್ನು ಹೇಳುವುದುಂಟು. ನೆಲದ ಮೇಲಿದ್ದ ಗಡಿಗೆಯನ್ನು ಎತ್ತಿ ಬೇರೆಡೆ ಇಟ್ಟಾಗ ಆ ನೆಲದಲ್ಲಿ ಅದರ ಅಭಾವವುಂಟಾಗುವುದು. ಮರಳಿ ತಂದಿಟ್ಟಾಗ ಆ ಅಭಾವವು ಹೋಗುವುದು. ಆವಿಯಿಂದ ಆಗುವುದು ಈ ಬಗೆಯ ಅಭಾವವೆಂದು ಹೇಳಬೇಕು. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಮುಂದೆ ನೋಡೋಣ.

ನೆರೆಯ ಭಾಷೆಗಳು ಇದಕ್ಕೆ ಇಟ್ಟಿರುವ ಹೆಸರುಗಳನ್ನು ನೋಡಿದರೆ ಒಂದೊಂದು ಜನವೂ ಒಂದೊಂದು ಮುಖವನ್ನು ಹಿಡಿದಿರುವುದು ಕಾಣುವುದು. ತೆಲುಗರು ಮತ್ತು ಮಂದು ಎನ್ನುವರು. ಅದು ಮದದ ಕಡೆಗೆ ನೋಡುವ ಮಾತು. ತಮಿಳರು ಮಯಕ್ಕ ಮರುಂದು ಎನ್ನುವರು; ಅದು ಮೂರ್ಛೆಯ ಕಡೆಯದು. ಮರಾಠಿಯಲ್ಲಿ ಭೂಲ ಕೊಡುವುದೆನ್ನುವರು, ಎಂದರೆ ಮರವೆಯನ್ನು ಕೊಡುವುದು. ನನಗೆ ಇವೆಲ್ಲಕ್ಕಿಂತ ಇದೇ ಸೊಗಸೆಂದು ತೋರುತ್ತದೆ. ಆಂಗ್ಲಪದವನ್ನು 1846ರಲ್ಲಿ ಸೂಚಿಸಿದವನು ಅಮೆರಿಕದ ವೈದ್ಯನೂ ಕವಿಯೂ ಆದ ಆಲಿವರ್ ವೆಂಡೆಲ್ ಹೋಮ್ಸ್. ಗ್ರೀಕಿನಿಂದ ತೆಗೆದ ಆ ಶಬ್ದದ ಮೊದಲಿನ ಅನ್ ಎಂಬುದು ನಮ್ಮ ನಞ್‌ನ ಸೋದರವೇ ಆಗಿದ್ದು, ಸಂವೇದನೆಯಿಲ್ಲದಿರುವಿಕೆ ಎಂಬಷ್ಟನ್ನೇ ಹೇಳುತ್ತದೆ, ಧ್ವಂಸವನ್ನು ಹೇಳುವುದಿಲ್ಲ. ಕನ್ನಡದ ಶಬ್ದವೊಂದೇ ಅಳಿವನ್ನು ತಂದಿತು.

ಆದರೂ ಕನ್ನಡದ ಪ್ರಯೋಗವನ್ನೇ ಸೂಕ್ಷ್ಮವಾಗಿ ನೋಡಿದರೆ ಅಷ್ಟು ಭಯಪಡಬೇಕಾಗಿಲ್ಲ. ಹಳಗನ್ನಡದಲ್ಲಿ ಈ ಧಾತುವು ರಳದಿಂದ ಕೂಡಿದ ಅೞಿ ಎಂಬುದು. ರಳ ಕುಳಗಳ ವಿವೇಕವನ್ನು ಕೇಶಿರಾಜನು ಎಷ್ಟು ಶ್ರಮಪಟ್ಟು ಹೇಳಿದರೂ ನಾವು ಅದನ್ನು ಕಳೆದುಕೊಂಡೆವು; ಅದು ಬೇರೆಯ ಮಾತು. ರಾಜ್ಯವಳಿಯಿತು, ಕುಲವಳಿಯಿತು ಎಂಬಲ್ಲಿ ಈ ಧಾತುವು ಧ್ವಂಸವನ್ನೇ ಹೇಳುವುದು ನಿಜ. ದಣಿವಳಿದು ಕುಳಿತನು ಎಂಬಲ್ಲಿಯಾದರೋ ದಣಿವು ಸದ್ಯಕ್ಕೆ ಹೋಯಿತೆಂದು ಮಾತ್ರ ಅರ್ಥ. ಮರುದಿನ ನಡೆದರೆ ಅದು ಮತ್ತೆ ಬರುವುದು. ಅರಿವಳಿಕೆಯ ಅಳಿಯನ್ನು ಈ ಎರಡನೆಯ ಪಂಕ್ತಿಗೆ ಸೇರಿಸಬೇಕು. ಶಬ್ದವನ್ನು ಬಿಡಬೇಕಾಗಿಲ್ಲ, ಪಾಠ ಹೇಳುವವರು ಈ ವಿವೇಕವನ್ನು ಸೇರಿಸಿ ಹೇಳಬೇಕು.

ಇನ್ನು ವಸ್ತುವಿನ ವಿಚಾರ. ಶಿಶುಗಳಿಗೆ ಎಚ್ಚರ ತಪ್ಪಿಸಲು ಹೆಚ್ಚಾಗಿ ಉಸಿರಿನ ದಾರಿಯನ್ನೇ ಬಳಸುವರು. ಸೂಜಿಯನ್ನು ಕಂಡರೆ ಮಗುವು ಅಳುವುದು. ಅದರ ಪುಟ್ಟ ಕೈಯಲ್ಲಿ ರಕ್ತನಾಳವು ಸುಲಭವಾಗಿ ಸಿಕ್ಕದು. ಆದಕಾರಣ ಮುಖವಾಡವನ್ನು ಮೂಗುಬಾಯಿಗಳಿಗೆ ಹಿಡಿದು, ಆಮ್ಲಜನಕದೊಡನೆ ಔಷಧದ ಆವಿಯನ್ನು ಬೆರೆಸಿ ಬಿಡುವರು. ಎಚ್ಚರ ತಪ್ಪಿದಮೇಲೆ ಸೂಜಿಯ ಕೆಲಸ. ಆವಿಯು ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಸೇರುವುದು. ಬಿಡುವುದನ್ನು ನಿಲ್ಲಿಸಿದೊಡನೆ ಬಂದ ದಾರಿಯಲ್ಲಿಯೇ ಹಿಂದಿರುಗಿ ಉಸಿರಿನೊಡನೆ ಹೊರಕ್ಕೆ ಹೋಗುವುದು. ಈಗ ಬಹಳವಾಗಿ ಬಳಕೆಯಲ್ಲಿರುವ ಸೆವೋಫ್ಲುರೇನ್ ಎಂಬುದರಲ್ಲಿ ದೇಹದೊಳಗೆ ಮಾರ್ಪಡುವ ಅಂಶವು ಅಲ್ಪ. ಉಳಿದುದೆಲ್ಲವೂ ಹಾಗೆಯೇ ಹೊರಬೀಳುವುದು. ಹೊಟ್ಟೆಗೆ ಕೊಟ್ಟ ಔಷಧವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು; ಉಸಿರಿಗೆ ಕೊಟ್ಟದ್ದನ್ನು ಉಸಿರೇ ಹಿಂದಕ್ಕೆ ಕೊಡುತ್ತದೆ. ಎತ್ತಿಟ್ಟ ಗಡಿಗೆಯ ದೃಷ್ಟಾಂತವು ಇಲ್ಲಿ ಸರಿಹೊಂದುವುದು.

ಪ್ರಮಾಣದ ವಿಷಯದಲ್ಲಿ ನಮ್ಮ ಪ್ರಾಚೀನರ ಎಣಿಕೆಗೂ ಇದಕ್ಕೂ ಒಂದು ಸ್ವಾರಸ್ಯವಾದ ವಿರೋಧವುಂಟು. ಸುಶ್ರುತನು ಬಾಲರನ್ನು ಹಾಲನ್ನು ಮಾತ್ರ ಕುಡಿಯುವ ಕ್ಷೀರಪರು, ಹಾಲನ್ನೂ ಅನ್ನವನ್ನೂ ಸೇವಿಸುವ ಕ್ಷೀರಾನ್ನಾದರು, ಅನ್ನಾದರು ಎಂದು ಮೂರು ತೆರನಾಗಿ ವಿಂಗಡಿಸಿ, ಮೊದಲನೆಯದನ್ನು ಒಂದು ವರ್ಷದವರೆಗೂ ಎರಡನೆಯದನ್ನು ಎರಡು ವರ್ಷದವರೆಗೂ ಹೇಳಿದ್ದಾನೆ. ಔಷಧವು ಮೊದಲಿನವರಿಗೆ ಬೆರಳ ತುದಿಗಳಲ್ಲಿ ಹಿಡಿಯುವಷ್ಟು, ಎರಡನೆಯವರಿಗೆ ಬೋರೆಯ ಬೀಜದಷ್ಟು, ಮೂರನೆಯವರಿಗೆ ಬೋರೆಹಣ್ಣಿನಷ್ಟು. ಚಿಕ್ಕವರಿಗೆ ಚಿಕ್ಕ ಅಳತೆಯೆಂಬ ಈ ನ್ಯಾಯವು ಲೋಕಸಮ್ಮತವಾದದ್ದು. ಆವಿಯ ವಿಷಯದಲ್ಲಿ ಇದು ತಲೆಕೆಳಗಾಗುವುದು. ಚರ್ಮವನ್ನು ಕೊಯ್ದಾಗ ನೂರರಲ್ಲಿ ಐವತ್ತು ಮಂದಿ ಮೈಯನ್ನು ಕದಲಿಸದಿರಬೇಕಾದರೆ ಶ್ವಾಸಕೋಶದಲ್ಲಿ ಎಷ್ಟು ಆವಿಯಿರಬೇಕೆಂಬುದನ್ನು ಅಳತೆಗೋಲಾಗಿ 1960ರ ದಶಕದಲ್ಲಿ ಅಮೆರಿಕದ ಈಗರ್ ಮೊದಲಾದವರು ಸ್ಥಾಪಿಸಿದರು. ಸೆವೋಫ್ಲುರೇನಿಗೆ ಈ ಅಳತೆಯು ಆಮ್ಲಜನಕದೊಡನೆ ಕೊಟ್ಟಾಗ ಹುಟ್ಟಿದ ತಿಂಗಳೊಳಗಿನ ಕೂಸಿಗೆ ನೂರಕ್ಕೆ 3.3, ಆರು ತಿಂಗಳೊಳಗೆ 3.0, ಮೂರು ವರ್ಷದೊಳಗೆ 2.8, ಹನ್ನೆರಡು ವರ್ಷದವರೆಗೆ 2.5, ನಾಲ್ವತ್ತು ವರ್ಷದವನಿಗೆ 2.1, ಎಂಬತ್ತು ವರ್ಷದ ವೃದ್ಧನಿಗೆ 1.4 ಮಾತ್ರ. ತೂಕಕ್ಕೆ ತಕ್ಕಂತೆ ಕೂಸಿಗೆ ಒಟ್ಟು ಔಷಧವು ಕಡಿಮೆಯೇ ಸಾಕಾದರೂ ಉಸಿರಿನ ಗಾಳಿಯಲ್ಲಿ ಅದರ ಸಾಂದ್ರತೆಯು ಮುದುಕನಿಗಿಂತ ಇಮ್ಮಡಿಗೂ ಮಿಗಿಲಾಗಿ ಬೇಕೆಂದಾಯಿತು. ಹಾಲುಗೂಸಿನ ಅರಿವು ಎಳೆಯದು, ಸುಲಭವಾಗಿ ಆರುವುದು ಎಂದು ಊಹಿಸಿದ್ದವರಿಗೆ ಇದು ಆಶ್ಚರ್ಯವನ್ನುಂಟುಮಾಡುತ್ತದೆ, ನನಗೂ ಮಾಡಿತು.

ಹೆಚ್ಚು ಬೇಕಾದರೂ ಕೂಸು ಬೇಗನೆ ಎಚ್ಚರ ತಪ್ಪುವುದು. ದೊಡ್ಡವರು ನಿಮಿಷಕ್ಕೆ 12ರಿಂದ 16 ಬಾರಿ ಉಸಿರಾಡಿದರೆ ಹುಟ್ಟಿದ ಕೂಸು ಸುಮಾರು 40 ಬಾರಿ ಉಸಿರಾಡುವುದು. ಉಸಿರು ಬಿಟ್ಟಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಗೆ ಹೋಲಿಸಿದರೆ, ನಿಮಿಷವೊಂದಕ್ಕೆ ಒಳಗೆ ಬರುವ ಗಾಳಿಯು ದೊಡ್ಡವರಲ್ಲಿ ಒಂದೂವರೆಪಟ್ಟು, ಕೂಸಿನಲ್ಲಿ ಐದುಪಟ್ಟು. ಚಿಕ್ಕ ಕೋಣೆಗೆ ದೊಡ್ಡ ಕಿಟಕಿಯಿದ್ದಂತೆ. ಆದುದರಿಂದ ಆವಿಯು ಬೇಗ ತುಂಬುವುದು, ಬೇಗ ತೆರವಾಗುವುದು. ಇದನ್ನು ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯನು 1858ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿಯೇ ಕಂಡು ಹೇಳಿದ್ದಾನೆ. ಆದರೆ ಗುಣವಿರುವಲ್ಲಿಯೇ ಅಪಾಯವೂ ಇದೆ. ಬೇಗ ತುಂಬುವುದು ಮಿತಿಮೀರಿಯೂ ಬೇಗ ತುಂಬೀತು. ಎಳೆಯ ಹೃದಯವು ಅದನ್ನು ತಾಳಲಾರದೆ ಬಡಿತವನ್ನು ತಗ್ಗಿಸೀತು. ಅಲ್ಲದೆ ಕೂಸು ತೂಕಕ್ಕೆ ತಕ್ಕಂತೆ ದೊಡ್ಡವರ ಎರಡುಪಟ್ಟು ಆಮ್ಲಜನಕವನ್ನು ವ್ಯಯಮಾಡುವುದರಿಂದ, ಉಸಿರು ನಿಂತರೆ ಅದಕ್ಕಿರುವ ಅವಕಾಶವು ಬಹಳ ಸ್ವಲ್ಪ. ಘಾಟಾದ ಆವಿಯು ತಗುಲಿದರೆ ಗಂಟಲ ಕಂಡಿಯು ತಟ್ಟನೆ ಬಿಗಿದುಕೊಳ್ಳುವುದೂ ಉಂಟು. ಡೆಸ್‌ಫ್ಲುರೇನ್ ಎಂಬುದು ರಕ್ತದಲ್ಲಿ ಅತ್ಯಲ್ಪವಾಗಿ ಕರಗುವುದಾದ್ದರಿಂದ ಇನ್ನೂ ವೇಗವಾಗಿ ಕೆಲಸಮಾಡಬೇಕಾಗಿದ್ದರೂ, ಈ ಘಾಟಿನ ಕಾರಣದಿಂದಲೇ ಮಕ್ಕಳಿಗೆ ಅದನ್ನು ಮೊದಲಿಗೆ ಹಿಡಿಯುವುದಿಲ್ಲ. ಸೆವೋಫ್ಲುರೇನಿಗೆ ಘಾಟಿಲ್ಲ. ಜಪಾನಿನಲ್ಲಿ 1990ರಲ್ಲಿ ಬಳಕೆಗೆ ಬಂದ ಅದು, 1956ರಿಂದ ಮಕ್ಕಳ ಚಿಕಿತ್ಸೆಯಲ್ಲಿ ನಡೆದುಕೊಂಡು ಬಂದಿದ್ದ ಹಾಲೋಥೇನನ್ನು ಹಿಂದಕ್ಕೆ ಸರಿಸಿತು.

ಉಪವಾಸದ ನಿಯಮದಲ್ಲಿಯೂ ಪ್ರಾಚೀನ ನವೀನರಿಗೆ ಭೇದವಿದೆ. ಮೂಢಗರ್ಭ, ಉದರ, ಅಶ್ಮರಿಯೇ ಮೊದಲಾದ ಕೆಲವನ್ನು ಬಿಟ್ಟು, ಉಳಿದ ಶಸ್ತ್ರಕರ್ಮಗಳಿಗೆ ಮುಂಚೆ ರೋಗಿಗೆ ಊಟವನ್ನು ಕೊಡಬೇಕೆಂದೂ, ಮದ್ಯಪಾನದ ಅಭ್ಯಾಸವಿದ್ದವನಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಸುಶ್ರುತನ ವಿಧಿ. ಉಂಡವನು ಮೂರ್ಛೆಹೋಗನು, ಮತ್ತನು ನೋವನ್ನರಿಯನು ಎಂದು ಅಲ್ಲಿಯ ಆಶಯ. ಆವಿಯ ಚಿಕಿತ್ಸೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸನಾಳಕ್ಕೆ ಇಳಿಯದಂತೆ ತಡೆಯುವ ಕಾವಲು ಸಹ ಅರಿವಿನೊಡನೆ ಮಲಗುವುದರಿಂದ, ಎದೆಹಾಲನ್ನು 4 ಗಂಟೆ ಮೊದಲೇ ನಿಲ್ಲಿಸುವರು. ಎರಡೂ ತಮ್ಮ ತಮ್ಮ ಸಂದರ್ಭದಲ್ಲಿ ಯುಕ್ತವೇ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾಧಿಸಹೊರಡುವವರು ಈ ಭೇದವನ್ನು ನೋಡಬೇಕು. ಬಲ್ಲಾಳನ ಭೋಜಪ್ರಬಂಧದಲ್ಲಿ ಭೋಜರಾಜನನ್ನು ಮೋಹಚೂರ್ಣದಿಂದ ಮೈಮರೆಯಿಸಿ, ತಲೆಯನ್ನು ತೆರೆದು, ಒಳಗಿದ್ದ ಮೀನಿನ ಮರಿಯನ್ನು ತೆಗೆದ ಕಥೆಯಿರುವುದು ಪ್ರಸಿದ್ಧ. ಅದನ್ನು ಚರಿತ್ರೆಯೆಂದು ಉದಾಹರಿಸುವುದು ಸಲ್ಲದು. ಅದು ಹದಿನಾರನೆಯ ಶತಮಾನದ ಕಾವ್ಯಕಥೆ.

ನಿಜವಾದ ಆವಿಯ ಚರಿತ್ರೆಯು ಬಾಸ್ಟನ್ ನಗರದಲ್ಲಿ 1846ರ ಅಕ್ಟೋಬರ್ 16ರಂದು ಮಾರ್ಟನ್ ಎಂಬ ದಂತವೈದ್ಯನು ಈಥರನ್ನು ಬಹಿರಂಗವಾಗಿ ತೋರಿಸಿದಲ್ಲಿಂದ ಹಬ್ಬಿತು. ಮರುವರ್ಷವೇ ಅದು ಕಲ್ಕತ್ತೆಗೆ ಬಂದಿತು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ಸಿಂಪ್ಸನ್ನನು ಕ್ಲೋರೋಫಾರಮನ್ನು ತಂದನು. ಮೂರು ತಿಂಗಳು ಕಳೆಯುವುದರೊಳಗೆ, 1848ರ ಜನವರಿ 28ರಂದು, ಇಂಗ್ಲೆಂಡಿನಲ್ಲಿ ಕಾಲುಗುರನ್ನು ತೆಗೆಸಿಕೊಳ್ಳಲು ಕುಳಿತ ಹ್ಯಾನ ಗ್ರೀನರ್ ಎಂಬ 15 ವರ್ಷದ ಹುಡುಗಿಯು ಅದರಿಂದ ಸತ್ತಳು. ಸಾವು ಉಸಿರಿನಿಂದಲೋ ಹೃದಯದಿಂದಲೋ ಎಂಬ ವಿವಾದವು ಆಗ ಹುಟ್ಟಿ ಅರವತ್ತು ವರ್ಷ ನಡೆಯಿತು. ಅದರ ಒಂದು ಘಟ್ಟವು ನಮಗೆ ಹತ್ತಿರದ್ದು. ಕಲಬುರಗಿ, ರಾಯಚೂರು, ಬೀದರುಗಳು ಯಾವ ನಿಜಾಮರ ಆಳಿಕೆಯಲ್ಲಿದ್ದವೋ ಆ ನಿಜಾಮರ ಹಣದಿಂದ, ಲಾರಿ ಎಂಬ ವೈದ್ಯನ ಮುಂದಾಳುತನದಲ್ಲಿ, 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎರಡು ಪರೀಕ್ಷಾಮಂಡಲಿಗಳು ಕುಳಿತವು. ಉಸಿರನ್ನು ನೋಡಿಕೊಂಡರೆ ಸಾಕು, ಹೃದಯವು ತಾನಾಗಿ ನಿಲ್ಲದೆಂದು ಅವು ತೀರ್ಮಾನಿಸಿದವು. ತೀರ್ಮಾನವು ತಪ್ಪು. ಎಚ್ಚರವು ಪೂರ್ಣವಾಗಿ ತಪ್ಪದೆ ಹೆದರಿಕೆಯು ಉಳಿದಿರುವಾಗ ಕ್ಲೋರೋಫಾರಂ ಹೃದಯವನ್ನು ಒಮ್ಮೆಲೇ ನಿಲ್ಲಿಸಬಲ್ಲುದೆಂಬುದನ್ನು 1911ರಲ್ಲಿ ಲೀವಿ ಎಂಬಾತನು ಬೆಕ್ಕುಗಳಲ್ಲಿ ಪ್ರಯೋಗಮಾಡಿ ತೋರಿಸಿದನು. ಅಳುವ ಮಗುವನ್ನು ಬಲವಂತವಾಗಿ ಹಿಡಿದು ಆವಿ ಕೊಡುವುದರ ಅಪಾಯವು ಇದರಿಂದ ಊಹ್ಯವಾಗಿದೆ.

ನಾನು ಆರೇಳು ವರ್ಷದವನಾಗಿದ್ದಾಗ ಗಂಟಲಗ್ರಂಥಿಯನ್ನು ತೆಗೆಯಲು ತಾಲ್ಲೂಕು ಕೇಂದ್ರವೊಂದರ ಆಸ್ಪತ್ರೆಯಲ್ಲಿ ನಾಲ್ವರು ನನ್ನ ಕೈಕಾಲುಗಳನ್ನು ಒತ್ತಿಹಿಡಿದು, ತಂತಿಯ ಚೌಕಟ್ಟಿಗೆ ಹೊದಿಸಿದ ಬಟ್ಟೆಯ ಮೇಲೆ ಈಥರನ್ನು ತೊಟ್ಟುತೊಟ್ಟಾಗಿ ಬಿಟ್ಟದ್ದು ನೆನಪಿದೆ. ಆ ಸಿಹಿಘಾಟು ಈಗಲೂ ಮೂಗಿನಲ್ಲಿದೆ. ಆ ಹಿಡಿತದ ಭಯವು ಶಸ್ತ್ರದ ನೋವಿಗಿಂತ ಹೆಚ್ಚು ಕಾಲ ಉಳಿಯಿತು.

ಕೂಸುಗಳಿಗೆ ತಕ್ಕ ಉಪಕರಣವು ಬಂದದ್ದು ತಡವಾಗಿ. ದೊಡ್ಡವರ ಒಂದು ಉಸಿರು ಸುಮಾರು 500 ಮಿಲಿಲೀಟರು. ಮೂರು ಕಿಲೋ ತೂಕದ ಕೂಸಿನದು ಸುಮಾರು 20. ದೊಡ್ಡವರ ಮುಖವಾಡವನ್ನೂ ಕೊಳವೆಯನ್ನೂ ಕೂಸಿಗೆ ಹಚ್ಚಿದರೆ, ಅದು ತಾನು ಬಿಟ್ಟ ಉಸಿರನ್ನೇ ಮತ್ತೆ ಸೇದುವುದು; ಕವಾಟಗಳನ್ನು ತಳ್ಳುವುದರಲ್ಲಿಯೇ ಅದರ ಬಲವು ವ್ಯಯವಾಗುವುದು. 1937ರಲ್ಲಿ ಇಂಗ್ಲೆಂಡಿನ ಫಿಲಿಪ್ ಏರ್ ಎಂಬ ವೈದ್ಯನು ಕವಾಟವೇ ಇಲ್ಲದ, ಮೂರು ಬಾಯಿಯ ಸರಳವಾದ ಕೊಳವೆಯನ್ನು ಬಳಕೆಗೆ ತಂದನು. 1950ರಲ್ಲಿ ಲಿವರ್‌ಪೂಲಿನ ಜ್ಯಾಕ್ಸನ್ ರೀಸನು ಅದಕ್ಕೆ ಬಾಲ ತೆರೆದ ಚೀಲವೊಂದನ್ನು ಸೇರಿಸಿದನು. ಇಷ್ಟು ಅಲ್ಪವಾದ ವಸ್ತುವಿನಿಂದ ಎಷ್ಟು ಕೂಸುಗಳು ಉಳಿದುವೋ!

ಈಗ ಆವಿಯಿಂದುಂಟಾಗುವ ಅವಸ್ಥೆಯಾವುದೆಂಬ ಪ್ರಶ್ನೆ. ಮಗುವನ್ನು ನಿದ್ದೆ ಮಾಡಿಸುತ್ತೇವೆಂದು ವೈದ್ಯರು ಹೇಳುವುದು ವಾಡಿಕೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಮುಗ್ಧನನ್ನು, ಎಂದರೆ ಮೂರ್ಛಿತನನ್ನು, ಕುರಿತ ಒಂದು ಸೂತ್ರವಿದೆ. ಮೂರ್ಛೆಯು ಜಾಗರವಲ್ಲ, ಸ್ವಪ್ನವಲ್ಲ, ಸುಷುಪ್ತಿಯಲ್ಲ, ಮರಣವೂ ಅಲ್ಲವಾದ್ದರಿಂದ ಅದನ್ನು ಅರ್ಧಸಂಪತ್ತಿಯೆಂದು ಬೇರೆಯಾಗಿ ಇಡಬೇಕೆಂಬುದು ಅಲ್ಲಿಯ ಸಿದ್ಧಾಂತ. ಶಂಕರಾಚಾರ್ಯರ ಭಾಷ್ಯದಲ್ಲಿ ಸುಪ್ತ ಮುಗ್ಧರ ಭೇದವು ಕಣ್ಣಿಗೆ ಕಟ್ಟುವಂತಿದೆ. ಮಲಗಿದವನ ಮುಖ ಪ್ರಸನ್ನ, ಉಸಿರು ಸಮ. ಮೂರ್ಛಿತನ ಮುಖ ಭಯಂಕರ, ಮೈ ನಡುಗುವುದು, ಉಸಿರು ಬಹಳ ಹೊತ್ತು ಆಡದು. ಮಲಗಿದವನು ಕೈಯೊತ್ತಿದರೆ ಏಳುವನು. ಮೂರ್ಛಿತನು ಮುದ್ಗರದಿಂದ ಹೊಡೆದರೂ ಏಳನು. ಆಚಾರ್ಯರು ವೈದ್ಯವನ್ನು ಬರೆಯುತ್ತಿರಲಿಲ್ಲ. ಆದರೂ ಬಾಹ್ಯವಾದ ಪೆಟ್ಟಿಗೆ ಮೈ ಪ್ರತಿಕ್ರಿಯಿಸುವುದೋ ಇಲ್ಲವೋ ಎಂಬುದರಿಂದ ಅವಸ್ಥೆಯನ್ನು ಅಳೆಯುವ ಕ್ರಮವು ಈಗರನ ಅಳತೆಗೋಲಿನಲ್ಲಿಯೂ ಇರುವುದೇ ಆಗಿದೆ. ಆವಿಯನ್ನು ಸೇದಿದ ಮಗುವಿನಲ್ಲಿ ಸುಪ್ತನ ಮುಖವೂ ಮುಗ್ಧನ ನಿಶ್ಚೇಷ್ಟತೆಯೂ ಕೂಡಿರುವುವು. ನಡುವೆ ಅರೆನಿಮಿಷ ಕಣ್ಣು ಹೊರಳುವುದು, ಕೈಕಾಲು ಒದರುವುದು ಉಂಟು. ಗುಯಡೆಲ್ ಎಂಬ ವೈದ್ಯನು ವಿಂಗಡಿಸಿದ ನಾಲ್ಕು ಘಟ್ಟಗಳಲ್ಲಿ ಎರಡನೆಯದಾದ ಉದ್ರೇಕಾವಸ್ಥೆಯು ಇದು. ನಿದ್ದೆಯೆಂದು ಮಾತ್ರ ಕೇಳಿಬಂದ ತಾಯಿ ಇದನ್ನು ಕಂಡರೆ ಮಗುವಿಗೇನೋ ಆಯಿತೆಂದು ಕೂಗಿಕೊಳ್ಳುವಳು. ಏಳುವಾಗಲೂ ಸೆವೋಫ್ಲುರೇನ್ ಸೇದಿದ ಎಳೆಯರಲ್ಲಿ ಕೆಲವರು ತಾಯಿಯ ಗುರುತನ್ನೂ ಹಿಡಿಯದೆ ಸ್ವಲ್ಪಹೊತ್ತು ಹೊರಳಾಡಿ ಅಳುವರು. ಅರಿವು ಹಂತಹಂತವಾಗಿ ಮರಳುವುದೇ ಇದಕ್ಕೆ ಕಾರಣವಿರಬೇಕು.

ಮುಗ್ಧ ಎಂಬ ಶಬ್ದವನ್ನೇ ನಾವು ಕನ್ನಡದಲ್ಲಿ ಏನನ್ನೂ ಅರಿಯದ ಮಗುವಿಗೆ ಬಳಸುವೆವು. ಈ ಶ್ಲೇಷವು ವೈದ್ಯಲೋಕದಲ್ಲಿ ನಿಜವಾದ ಅನರ್ಥಕ್ಕೆ ಎಡೆಗೊಟ್ಟಿತ್ತು. ಹುಟ್ಟಿದ ಕೂಸು ಹೇಗೂ ಮುಗ್ಧ, ನೋವನ್ನರಿಯುವಷ್ಟು ಅದರ ನಾಡಿಗಳು ಬಲಿತಿಲ್ಲ ಎಂಬ ಭಾವನೆಯಿಂದ 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳಲ್ಲಿ ಕೆಲವು ಅಕಾಲಶಿಶುಗಳಿಗೆ ಮೈ ಕದಲದಂತೆ ಮಾಡುವ ಔಷಧವನ್ನೂ ಸ್ವಲ್ಪ ನೈಟ್ರಸ್ ಆಕ್ಸೈಡನ್ನೂ ಮಾತ್ರ ಕೊಟ್ಟು ಶಸ್ತ್ರಕ್ರಿಯೆಯನ್ನು ನಡೆಸುತ್ತಿದ್ದರು. ಭಾರತಮೂಲದ ಕನ್ವಲ್‌ಜೀತ್ ಆನಂದರೂ ಅವರ ಸಂಗಡಿಗರೂ 1987ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೃದಯದ ಬಳಿಯ ನಾಳವನ್ನು ಕಟ್ಟಿಸಿಕೊಂಡ ಅಕಾಲಶಿಶುಗಳಲ್ಲಿ ಕೆಲವಕ್ಕೆ ನೋವನ್ನು ಕಳೆಯುವ ಫೆಂಟನಿಲನ್ನೂ ಸೇರಿಸಿ ಕೊಟ್ಟು, ಉಳಿದುವುಗಳೊಡನೆ ಹೋಲಿಸಿ ನೋಡಿದರು. ಸೇರಿಸದ ಕೂಸುಗಳ ರಕ್ತದಲ್ಲಿ ಸಂಕಟವನ್ನು ಸೂಚಿಸುವ ರಸಗಳು ಬಹಳವಾಗಿ ಏರಿದ್ದುವು, ತೊಂದರೆಗಳೂ ಹೆಚ್ಚಾಗಿದ್ದುವು. ಕದಲದಿರುವುದು ಬೇರೆ, ಅರಿಯದಿರುವುದು ಬೇರೆ. ಮಾತುಬಾರದವನಿಗೆ ವೇದನೆಯಿಲ್ಲವೆಂದು ಅನುಮಾನಿಸುವುದು ಹೇತ್ವಾಭಾಸವೆಂದು ತರ್ಕಸಂಗ್ರಹವನ್ನು ಓದಿದ ಹುಡುಗನೂ ಹೇಳಿಯಾನು.

ಮಗಳ ಪ್ರಶ್ನೆಗೆ ಬರೋಣ. ಅರಿವು ಮರಳುವುದು ಸರಿ. ಏನೂ ಕುಂದದೆ ಮರಳುವುದೇ? 2003ರಲ್ಲಿ ಹುಟ್ಟಿ ಏಳು ದಿನವಾದ ಇಲಿಮರಿಗಳಿಗೆ ಐಸೊಫ್ಲುರೇನ್ ಮೊದಲಾದವುಗಳನ್ನು ಆರು ಗಂಟೆಗಳ ಕಾಲ ಕೊಟ್ಟು ನೋಡಿದಾಗ, ಅವುಗಳ ಮಿದುಳಿನ ಕಣಗಳು ಸತ್ತಿರುವುದು ಕಂಡುಬಂದು ಲೋಕವು ಬೆದರಿತು. ಇದು ಪ್ರಧ್ವಂಸಾಭಾವದ ಶಂಕೆಯೇ. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧನಿಯಂತ್ರಕರು, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗೆ ಮೀರಿ ಅಥವಾ ಪದೇಪದೇ ಕೊಡುವುದರಿಂದ ಬೆಳೆಯುವ ಮಿದುಳಿಗೆ ಬಾಧೆಯಾದೀತೆಂದು ಎಚ್ಚರಿಕೆಯಿತ್ತರು. ಇನ್ನೊಂದು ಕಡೆ, ಏಳು ದೇಶಗಳ 28 ಆಸ್ಪತ್ರೆಗಳಲ್ಲಿ, ನನ್ನ ಮೊಮ್ಮಗನಂತೆಯೇ ಹರ್ನಿಯಕ್ಕೆ ಗುರಿಯಾದ 722 ಕೂಸುಗಳನ್ನು ಎರಡು ಪಾಲುಮಾಡಿ, ಒಂದಕ್ಕೆ ಸೆವೋಫ್ಲುರೇನ್ ಆವಿಯನ್ನೂ ಇನ್ನೊಂದಕ್ಕೆ ಎಚ್ಚರವಿರುವಂತೆಯೇ ಕೆಳಮೈಯನ್ನು ಮರಗಟ್ಟಿಸುವ ಔಷಧವನ್ನೂ ಕೊಟ್ಟರು. ಐದನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಎರಡು ಪಾಲಿನವರ ಬುದ್ಧಿಯ ಅಂಕವೂ ಸುಮಾರು 99. ಈ ಫಲವು 2019ರಲ್ಲಿ ಪ್ರಕಟವಾಯಿತು. ಒಂದು ಗಂಟೆಗೆ ಒಳಪಟ್ಟ, ಒಂದೇ ಬಾರಿಯ ಆವಿಗೆ ಮಾತ್ರ ಇದು ಪ್ರಮಾಣ. ದೀರ್ಘವಾದುದಕ್ಕೂ ಪುನಃಪುನಃ ಕೊಡುವುದಕ್ಕೂ ಇದನ್ನು ಎಳೆಯಬಾರದು. ಆ ಕೂಸುಗಳಲ್ಲಿ ಹೆಚ್ಚಿನವು ಗಂಡುಮಕ್ಕಳಾಗಿದ್ದುವೆಂಬುದೂ ನೆನಪಿನಲ್ಲಿರಬೇಕು.

ಮರುದಿನ ಬೆಳಿಗ್ಗೆ ಅರಿವಳಿಕೆಯ ವೈದ್ಯರು ಬಂದಾಗ ಮಗಳು ತನ್ನ ಪ್ರಶ್ನೆಯನ್ನು ಅವರ ಮುಂದೆಯೂ ಇಟ್ಟಳು. ಅವರು ನಗಲಿಲ್ಲ. “ಅಳಿಯೋದಿಲ್ಲಮ್ಮ, ಉಸಿರಿನ ಜೊತೆ ಹೋಗಿ ಉಸಿರಿನ ಜೊತೆ ಬರುತ್ತೆ. ಆದರೆ ನಿದ್ದೆ ಅಂತಲೂ ನಾನು ಹೇಳಲ್ಲ” ಎಂದರು. ಅನಂತರ ನನ್ನ ಕಡೆಗೆ ತಿರುಗಿ, “ಮೇಷ್ಟ್ರೇ, ಆ ಸಾಲನ್ನು ನೀವೇ ಒಂದು ಸಲ ಬರೆದುಕೊಡಿ” ಎಂದು ಕೇಳಿದರು. ಮುಕ್ಕಾಲು ಗಂಟೆಯಲ್ಲಿ ಕೂಸನ್ನು ಹೊರಗೆ ತಂದರು; ಹತ್ತು ನಿಮಿಷ ಯಾರನ್ನೂ ಗುರುತಿಸದೆ ಅತ್ತು, ಆಮೇಲೆ ತಾಯಿಯ ಎದೆಯನ್ನು ಹುಡುಕಿತು. ಅದು ಹಾಲು ಕುಡಿಯುತ್ತಿರುವಾಗ ನಾನು ಬರೆದುಕೊಟ್ಟದ್ದು ಹೀಗಿದೆ: ಅರಿವಳಿಕೆಯೆಂದರೆ ಮಗುವಿನ ಅರಿವನ್ನೂ ನೋವನ್ನೂ ಚಿಕಿತ್ಸೆ ಮುಗಿಯುವವರೆಗೆ ಆವಿಯ ಮೂಲಕ ತಡೆದಿಡುವುದು, ಆವಿಯನ್ನು ನಿಲ್ಲಿಸಿದಮೇಲೆ ಅರಿವು ಹಂತಹಂತವಾಗಿ ಮರಳುವುದು, ಹೋಗುವಾಗಲೂ ಬರುವಾಗಲೂ ಮಗುವು ಕೈಕಾಲು ಆಡಿಸಬಹುದು, ಅಳಬಹುದು. ಇದರಲ್ಲಿ ತಡೆದಿಡುವುದು ಎಂಬುದಕ್ಕಿಂತ ಕಿರಿದಾದ ಹಳೆಯ ಮಾತೊಂದು ಇರಬಹುದೆಂದು ನನ್ನ ಊಹೆ. ವಿಷದ ಮೂರ್ಛೆಯನ್ನು ಇಳಿಸುವ ಪ್ರಕರಣಗಳುಳ್ಳ ಮಂಗರಾಜನ ಖಗೇಂದ್ರಮಣಿದರ್ಪಣವನ್ನು ಆ ದೃಷ್ಟಿಯಿಂದ ಓದಲು ತೊಡಗಿದ್ದೇನೆ.